ಅತ್ತೆಯ ಗುಂಡಿಯೂ ಮನೆ ವಿಮೆಯೂ

ಗೋಡೆ ಬೀಳುವುದು ಎಲ್ಲ ಊರಿನಲ್ಲೂ ನಡೆಯುತ್ತಲೇ ಇರುತ್ತದೆ. ಗೋಡೆ ಬಿದ್ದ ಮೇಲೆ ಕಾಗದ ಹಿಡಿದು ಬರುವವರಿಂದ ಆಗುವ ನಷ್ಟಕ್ಕೆ ಮಾತ್ರ ಯಾವ ಕಂಪನಿಯೂ ಇನ್ನೂ ವಿಮೆ ಮಾಡಿಕೊಡುತ್ತಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಮೇಲೆ ‘ಈಯಮ್ಮ ಯಾಕೆ ಇಷ್ಟು ಕೂಗಾಡುತ್ತಾಳೆ’ ಅಂತ ಕೇಳಬೇಡಿ. ನಾನು ಕೊಳ್ಳೇಗಾಲದ ಕಡೆಯವಳು. ಮದುವೆಯಾಗಿ ಕೊಯಮತ್ತೂರಿನ ಅಂಚಿನ ಈ ನೇಯ್ಗೆಯವರ ಬೀದಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಇಲ್ಲಿ ಹೊಸಿಲ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಬಲ್ಲವಳು ಬೀದಿಗೆ ನಾನೊಬ್ಬಳೇ. ಓದಿದವಳು ಅಂತ ಹೆಸರು ಬಿದ್ದ ಮೇಲೆ ಇಂಗ್ಲಿಷ್ ಕಾಗದ ಬಂದರೂ ನನ್ನ ತಲೆಗೇ ಕಟ್ಟುತ್ತಾರೆ.

ನಮ್ಮ ಮುಂದಿನ ಕೋಣೆಯಲ್ಲಿ ಅತ್ತೆಯ ಗುಂಡಿ ಮಗ್ಗ ಇದೆ. ನೆಲದಲ್ಲಿ ಸೊಂಟದಾಳದ ಗುಂಡಿ. ಅದರ ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು, ಎರಡು ಹಲಗೆ ತುಳಿಯುತ್ತಾ ನೇಯಬೇಕು. ಹನ್ನೆರಡನೇ ವಯಸ್ಸಿಗೆ ಮಗ್ಗಕ್ಕೆ ಕೂತ ಅತ್ತೆಗೆ ಈಗ ಅರವತ್ತೆಂಟು. ಹೋದ ಐಪ್ಪಸಿ ತಿಂಗಳಲ್ಲಿ, ದೀಪಾವಳಿ ಮಳೆ ಹಿಡಿದು ಬಡಿಯುತ್ತಿದ್ದ ಒಂದು ಸಂಜೆ, ದೀಪ ಹಚ್ಚಲು ಅತ್ತೆ ಮಗ್ಗ ಬಿಟ್ಟು ಎದ್ದರು. ಐದು ನಿಮಿಷಕ್ಕೆ ಪಕ್ಕದ ತೆಂಗಿನ ಮರ ನಮ್ಮ ಹೆಂಚಿನ ಮೇಲೆ ಬಿತ್ತು. ಮಾಡು ಹೋಯಿತು, ಮಣ್ಣಿನ ಗೋಡೆ ಒಳಕ್ಕೆ ಕುಸಿಯಿತು, ಮಗ್ಗದ ಚೌಕಟ್ಟು ಮುರಿಯಿತು, ಗುಂಡಿಯ ತುಂಬಾ ಕೆಸರು ನಿಂತಿತು. ಜೀವ ಉಳಿಯಿತಲ್ಲ ಅಂತ ನಾವು ದೇವರಿಗೆ ಕೈ ಮುಗಿಯುತ್ತಿದ್ದರೆ ಅತ್ತೆ ಕೇಳಿದ್ದು ಒಂದೇ ಮಾತು.

“ತರಿ ಯಾವಾಗ್ ನಿಲ್ಲಿಸ್ತೀರಿ ಕಣ್ಣು?”

ತರಿ ಅಂದರೆ ಮಗ್ಗ. ನಿಲ್ಲಿಸುವುದು ಅಂದರೆ ಮತ್ತೆ ಎಬ್ಬಿಸಿ ಹೂಡುವುದು. ಕಣ್ಣು ಅಂದರೆ ನಾನು. ಇಲ್ಲಿ ಪ್ರೀತಿಯಿಂದ ಹಾಗೆ ಕರೆಯುತ್ತಾರೆ. ಆ ಪ್ರಶ್ನೆಯನ್ನು ಅವರು ದಿನಾ ಬೆಳಿಗ್ಗೆ ಕೇಳಿದರು. ವಿಮೆಯವರು ಒಪ್ಪಿದರೆ ಗೋಡೆ ಏಳುತ್ತದೆ, ಗೋಡೆ ಎದ್ದರೆ ಮಗ್ಗ ನಿಲ್ಲುತ್ತದೆ. ಇಲ್ಲವಾದರೆ ಇಲ್ಲ. ನಮ್ಮ ಯಜಮಾನರಿಗೆ ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ಅವರ ಸಂಬಳದ ಮುಕ್ಕಾಲು ಹಿಂದಿನ ತಾರಸಿಯ ಸಾಲಕ್ಕೇ ಹೋಗುತ್ತಿತ್ತು. ಅತ್ತೆ ಜಗಲಿಯ ಮೇಲೆ ಕೂತಿರುವಾಗ ಅವರಿಗೆ ಗೊತ್ತಿಲ್ಲದೆಯೇ ಪಾದಗಳು ಒಂದಾದ ಮೇಲೊಂದು ನೆಲ ಒತ್ತುತ್ತಿದ್ದವು. ಊಟಕ್ಕೆ ಕೂತಾಗಲೂ ಹಾಗೇ. ಅದನ್ನು ನೋಡಲಾರದೆ ನಾನೇ ಪಾಲಿಸಿಯ ಫೈಲು ಕೆಳಗಿಳಿಸಿದೆ. ಹೀಗೆ ಕಾಗದದ ಯುದ್ಧ ನನ್ನ ಪಾಲಿಗೆ ಬಂತು.

೧. ಮನೆಯನ್ನು ಎತ್ತಿ ಬೋರಲು ಹಾಕಿ

ಮೊದಲು ಆ ಪಾಲಿಸಿ ಬಂದ ಬಗೆ ಹೇಳಬೇಕು. ಎರಡು ವರ್ಷದ ಹಿಂದೆ ಹಿಂಭಾಗಕ್ಕೆ ತಾರಸಿ ಹಾಕಿಸಲು ಸಾಲ ಕೇಳಿದೆವು. ವಿಮೆ ಇಲ್ಲದಿದ್ದರೆ ಸಾಲ ಇಲ್ಲ ಅಂದರು ಬ್ಯಾಂಕಿನವರು. ಮರುದಿನವೇ ಏಜೆಂಟ್ ಮನೆಗೆ ಬಂದ. ಟೈ ಕಟ್ಟಿದ್ದ. ನಮ್ಮ ಬೀದಿಯಲ್ಲಿ ಟೈ ಕಟ್ಟಿದವರನ್ನು ಶಾಲೆ ವ್ಯಾನಿನಲ್ಲಿ ಮಾತ್ರ ನೋಡಿದ್ದೆವು.

“ಇದರಲ್ಲಿ ನಾಲ್ಕು ಭಾಗ ಅಮ್ಮಾ,” ಅಂದ. “ಒಂದು ಕಟ್ಟಡಕ್ಕೆ. ಎರಡು ಒಳಗಿನ ಸಾಮಾನಿಗೆ. ಮೂರು, ಹೊರಗಿನವರು ಯಾರಾದರೂ ನಿಮ್ಮ ಮನೆಯಲ್ಲಿ ಬಿದ್ದು ಏಟು ಮಾಡಿಕೊಂಡರೆ ಅವರ ಖರ್ಚಿಗೆ. ನಾಲ್ಕು, ಮನೆ ಬಿದ್ದು ನೀವು ಬೇರೆ ಕಡೆ ಇರಬೇಕಾದರೆ ಅದರ ಬಾಡಿಗೆಗೆ.”

ಕಟ್ಟಡ ಯಾವುದು, ಸಾಮಾನು ಯಾವುದು ಅಂತ ಹೇಗೆ ತಿಳಿಯುವುದು ಅಂದೆ.

“ಸುಲಭ. ನಿಮ್ಮ ಮನೆಯನ್ನು ಎತ್ತಿ ಬೋರಲು ಹಾಕಿದಿರಿ ಅಂತ ಇಟ್ಟುಕೊಳ್ಳಿ. ಉದುರಿ ಬೀಳುವುದೆಲ್ಲ ಸಾಮಾನು. ಅಂಟಿಕೊಂಡಿರುವುದೆಲ್ಲ ಕಟ್ಟಡ.”

ಅತ್ತೆ ಮಗ್ಗದಿಂದ ಎದ್ದೇಬಿಟ್ಟರು. “ಯಾರ್ ಮನೇನ ಬೋರಲ್ ಹಾಕೋದು? ವೆಳ್ಳಿಕ್ಕಿಳಮೆ ಅದುವುಮಾ ಬಂದು ಈ ಮಾತಾ?” ಅಂದವರು, ಶುಕ್ರವಾರದ ದಿನ ಇಂಥ ಅಪಶಕುನವೇ ಅಂತ ಒಳಗಿಂದ ಉಪ್ಪು, ಒಣಮೆಣಸಿನಕಾಯಿ ಹಿಡಿ ತುಂಬ ತಂದು ಏಜೆಂಟನ ತಲೆಗೆ ಮೂರು ಸುತ್ತು ನಿವಾಳಿಸಿ, “ತೂ ಅನ್ನು, ಮೂರು ಸಲ” ಅಂದರು. ಅವನು ಅಂದ. ಪಾಪ, ಪಾಲಿಸಿ ಮಾರಬೇಕಲ್ಲ! ಒಲೆಗೆ ಬಿದ್ದ ಮೆಣಸಿನಕಾಯಿಯ ಘಾಟಿಗೆ ಟೈ ಸಡಿಲಿಸಿ ಕೆಮ್ಮುತ್ತಾ ಕೂತ.

ಎಲ್ಲ ಶಾಂತವಾದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು. “ಸರಿ ಸಾಮಿ. ಬೋರಲ್ ಹಾಕಿದ್ರೆ ನಮ್ ಕುಳಿ ಬೀಳ್ತದಾ, ಅಂಟ್ಕೊಂಡಿರ್ತದಾ?”

ಅವನು ಗುಂಡಿ ನೋಡಿದ. ಬಗ್ಗಿ ಇನ್ನೊಂದು ಸಲ ನೋಡಿದ. “ಆಫೀಸಿನಲ್ಲಿ ಕೇಳಿ ನಾಳೆ ಹೇಳ್ತೀನಿ ಅಮ್ಮಾ,” ಅಂದ.

ಆ ನಾಳೆ ಇನ್ನೂ ಬಂದಿಲ್ಲ. ಕಂತು ಮಾತ್ರ ಅವತ್ತೇ ಕಟ್ಟಿಸಿಕೊಂಡ.

೨. ನಷ್ಟವನ್ನು ಗುಡಿಸಿ ಹಾಕಿದ್ದು

ಮರ ಬಿದ್ದ ಮೂರನೇ ದಿನ ಫೋನ್ ಬಂತು, ನಾಳೆ ಸರ್ವೇಯರ್ ಬರುತ್ತಾರೆ ಅಂತ. ನಷ್ಟವನ್ನು ಕಣ್ಣಾರೆ ನೋಡಿ ವರದಿ ಬರೆಯುವವರು ಅವರೇ. ನಾನು ಕಾಗದಗಳನ್ನು ಜೆರಾಕ್ಸ್ ಮಾಡಿಸಲು ಪೇಟೆಗೆ ಹೋದೆ. ಅಲ್ಲಿ ಕರೆಂಟು ಇರಲಿಲ್ಲ. ಕಾದು ಮನೆಗೆ ಬರುವಾಗ ಮಧ್ಯಾಹ್ನ ಮೀರಿತ್ತು.

ಬಂದು ನೋಡಿದರೆ ಮುಂದಿನ ಕೋಣೆ ಮದುವೆ ಮನೆಯ ಹಾಗೆ ಲಕಲಕ ಅನ್ನುತ್ತಿತ್ತು. ಹೆಂಚಿನ ಚೂರು ಇಲ್ಲ, ಗೋಡೆಯ ಮಣ್ಣು ಇಲ್ಲ. ಮುರಿದ ಮಗ್ಗ ಹಿತ್ತಲಿಗೆ ಹೋಗಿ ಒರಗಿತ್ತು. ಮೇಲೆ ನೀಲಿ ಟಾರ್ಪಾಲು ನೀಟಾಗಿ ಬಿಗಿದಿದ್ದರು. ಕೆಸರು ತುಂಬಿದ ಗುಂಡಿಯನ್ನೂ ನೆಲದ ಮಟ್ಟಕ್ಕೆ ತಟ್ಟಿ, ಇಡೀ ನೆಲಕ್ಕೆ ಸಗಣಿ ಸಾರಿಸಿ, ಸರಿಯಾಗಿ ಗುಂಡಿಯ ಮೇಲೇ ದೊಡ್ಡ ರಂಗೋಲಿ ಹಾಕಿದ್ದರು.

“ಯಾರು ಮಾಡಿದ್ದು ಇದು?”

“ನಾವೆಲ್ಲಾ ಸೇರ್ಕೊಂಡು,” ಅಂದರು ಬೀದಿಯ ಹೆಂಗಸರು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡೇ, ಒಂದೇ ಸಮನೆ ನಗುತ್ತಾ.

ಅತ್ತೆ ಹೇಳಿದರು, “ಆಫೀಸರ್ ಬರ್ತಾರೆ ಅಂದ್ಯಲ್ಲ ಕಣ್ಣು. ಮನೆಗ್ ಬರೋರ್ ಮುಂದೆ ಹಾಳ್ ಬಿದ್ದಂಗೆ ಇಟ್ಕೊಂಡಿದ್ರೆ ನಮ್ ಮರ್ಯಾದೆ ಏನಾಗ್ಬೇಕು?”

ನಾನು ಏನಂತ ಬಯ್ಯಲಿ? ಈ ಬೀದಿಯಲ್ಲಿ ಸಾವಿನ ಮನೆಯನ್ನೂ ನೆಂಟರು ಬರುವ ಮೊದಲು ಗುಡಿಸುತ್ತಾರೆ. ಆದರೂ ಬಯ್ದೆ. ಗಂಟಲು ಹರಿಯುವಷ್ಟು ಬಯ್ದೆ. ನಷ್ಟ ಕಾಣದಿದ್ದರೆ ನಷ್ಟ ಕೊಡುವುದಿಲ್ಲ, ಚೂರುಗಳೇ ನಮ್ಮ ಸಾಕ್ಷಿ ಅಂತ ವಿವರಿಸಿದೆ. ಅತ್ತೆಯ ಮುಖ ಬಾಡಿತು. ಬಾಡಿದ್ದನ್ನು ನೋಡಿ ಹೆಂಗಸರೆಲ್ಲ ಒಂದೇ ಉಸಿರಿಗೆ, “ಅಷ್ಟೇನಾ, ವಾಪಸ್ ತಂದ್ ಹಾಕ್ತೀವಿ,” ಅಂತ ಓಡಿದರು.

ಮರುದಿನ ಸರ್ವೇಯರ್ ಬಂದಾಗ ಮನೆ ಮುಂದೆ ಹೆಂಚಿನ ಚೂರಿನ ಗುಡ್ಡ ಇತ್ತು. ಅವರು ಕನ್ನಡಕ ಏರಿಸಿ ಗುಡ್ಡ ನೋಡಿದರು, ಕೋಣೆಯ ಅಗಲ ನೋಡಿದರು. ಕೂತು ಎಣಿಸಿದರು. ಅವರು ಮಾತಾಡಿದ್ದೆಲ್ಲ ತಮಿಳು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಸಿಟ್ಟು ಮಾತ್ರ ಎರಡರಲ್ಲೂ ಒಂದೇ.

“ಅಮ್ಮಾ, ಈ ಕೋಣೆಯ ಮಾಡಿಗೆ ಇಷ್ಟು ಹೆಂಚು ಹಿಡಿಯುವುದೇ ಇಲ್ಲ. ಇದರಲ್ಲಿ ಮೂರು ಮನೆ ಕಟ್ಟಬಹುದು. ಅದೂ ಮೂರು ಬಣ್ಣದಲ್ಲಿ.”

ನಾನು ತಿರುಗಿ ನೋಡಿದೆ. ಹೆಂಗಸರ ಗುಂಪಿನ ಹಿಂದಿನಿಂದ ಒಂದು ದನಿ ಹೆಮ್ಮೆಯಿಂದ ಬಂತು. “ನಿಮ್ದು ಸ್ವಲ್ಪ ಕಮ್ಮಿ ಕಾಣ್ತು. ಅದಕ್ಕೇ ನಮ್ ಮನೇದೂ ಒಂದೆರಡ್ ಪುಟ್ಟಿ ಸೇರ್ಸಿದ್ವಿ.”

ಸರ್ವೇಯರ್ ಕೆಂಪು ಶಾಯಿಯಲ್ಲಿ ಏನೋ ಬರೆದುಕೊಂಡರು. ಹೋಗುವಾಗ, ವರದಿ ಮುಗಿಯುವ ತನಕ ಈ ಕೋಣೆಯಲ್ಲಿ ಒಂದು ಹಿಡಿ ಮಣ್ಣನ್ನೂ ಮುಟ್ಟಕೂಡದು ಅಂತ ಕಟ್ಟಪ್ಪಣೆ ಮಾಡಿದರು. ಅವತ್ತಿನಿಂದ ಗುಂಡಿ ರಂಗೋಲಿಯ ಕೆಳಗೇ ಉಳಿಯಿತು. ನಾವು ಅದನ್ನು ಸುತ್ತು ಹಾಕಿ ಓಡಾಡಿದೆವು.

೩. ಅನಾಥ ಮರ

ಮರ ಯಾರದು ಅಂತ ಬರೆದುಕೊಡಿ ಎಂದು ಕಚೇರಿಯಿಂದ ಕಾಗದ ಬಂತು.

ಇದೂ ಒಂದು ಪ್ರಶ್ನೆಯೇ? ಮರ ಪಕ್ಕದ ಮನೆ ಮಾವನದು. ಮಾವ ಅಂದರೆ ಅತ್ತೆಗೆ ದೂರದ ತಮ್ಮ. ನಾನು ಮದುವೆಯಾಗಿ ಬಂದಾಗಿನಿಂದ ಎರಡು ತಿಂಗಳಿಗೊಮ್ಮೆ ಅವರು ಆಳು ಹತ್ತಿಸಿ ಕಾಯಿ ಇಳಿಸುವುದನ್ನು ನೋಡಿದ್ದೇನೆ. ಒಂದು ಕಾಯಿ ನಮ್ಮ ಕಡೆ ಉರುಳಿದರೂ ಕಾಂಪೌಂಡಿನ ಮೇಲಿಂದ, “ಯಮ್ಮೋ, ನಮ್ದೊಂದು ಆ ಪಕ್ಕ ಬಂತು,” ಅಂತ ಕೂಗುತ್ತಿದ್ದರು.

ಸರ್ವೇಯರ್ ಜೊತೆ ಹೋಗಿ ಕೇಳಿದರೆ ಮಾವ ಆಕಾಶ ನೋಡಿದರು.

“ನಮ್ದಾ? ಯಾರ್ ಹೇಳಿದ್ದು? ಅದು ಪುರಂಬೋಕು ಜಾಗ. ಸರ್ಕಾರದ್ ಮರ.”

“ಕಾಯಿ ನೀವು ತಾನೇ ಇಳಿಸ್ತಿದ್ದಿದ್ದು?” ಅಂದೆ.

“ಸುಮ್ನೆ ತಲೆ ಮೇಲೆ ಬೀಳ್ದೇ ಇರ್ಲಿ ಅಂತ. ಊರಿಗ್ ಉಪಕಾರ.”

ಇಪ್ಪತ್ತಾರು ವರ್ಷದ ಉಪಕಾರ! ನನ್ನ ಕೈಯಲ್ಲಿದ್ದ ಫೈಲಿನಿಂದ ಅವರ ತಲೆಗೆ ಒಂದು ಕೊಡಬೇಕು ಅನ್ನಿಸಿತು. ಅತ್ತೆ ನನ್ನ ಸೆರಗು ಜಗ್ಗಿ, ಸಂಬಂಧ ಕೆಡಿಸಬೇಡ ಅಂತ ಕಣ್ಣಲ್ಲೇ ಹೇಳಿದರು. ಬೀದಿಯವರನ್ನು ಕೇಳಿದರೆ ಅವರಿಗೂ ಸಂಬಂಧದ್ದೇ ಚಿಂತೆ. ಒಬ್ಬರು ಮರ ಪಂಚಾಯಿತಿಯದು ಅಂದರು, ಇನ್ನೊಬ್ಬರು ಅದು ತಾನಾಗಿ ಹುಟ್ಟಿದ್ದು ಅಂದರು. ಸರ್ವೇಯರ್ ಬೇಸತ್ತು, ‘ಮರಕ್ಕೆ ಯಜಮಾನರಿಲ್ಲ, ಗಾಳಿಮಳೆಗೆ ಬಿದ್ದದ್ದು’ ಅಂತ ಬರೆದು ಎಲ್ಲರಿಂದ ಸಹಿ ಹಾಕಿಸಿಕೊಂಡರು. ಮೊದಲ ಸಹಿ ಮಾವನದೇ.

ಸರ್ವೇಯರ್ ಸ್ಕೂಟರ್ ತಿರುವಿನಲ್ಲಿ ಮರೆಯಾಯಿತು. ಮಾವ ಕೊಡಲಿ ಹಿಡಿದು ನಮ್ಮ ಅಂಗಳಕ್ಕೆ ಬಂದರು.

“ಸುಳಿ ಒಣಗೋದ್ರೊಳ್ಗೆ ತಗೊಂಡೋಗ್ತೀನಿ ಯಮ್ಮೋ. ದಿಮ್ಮೀನ ನಾಳೆ ಗಾಡಿ ತಂದು ಸಾಗಿಸ್ತೀನಿ. ನಮ್ ಮರದ್ ಸುಳಿ ಭಾಳ ಸಿಹಿ.”

೪. ಮಗ್ಗದ ವಯಸ್ಸು

ಎರಡನೇ ಭಾಗ, ಸಾಮಾನು. ಅದರಲ್ಲಿ ಮಗ್ಗ ಬರುತ್ತದೋ ಇಲ್ಲವೋ ಅನ್ನುವುದು ಆಮೇಲಿನ ಮಾತು, ಮೊದಲು ಮಗ್ಗ ಕೊಂಡ ಬಿಲ್ ಕೊಡಿ ಅಂದರು ಸರ್ವೇಯರ್.

“ಬಿಲ್ಲಾ?” ಅಂದರು ಅತ್ತೆ. “ನಮ್ ಮಾಮನಾರ್ ಕಾಲದಲ್ಲಿ ಆಚಾರಿ ಮನೇಲೇ ಕೂತು ಮಾಡಿದ್ದು ಸಾಮಿ. ಒಂದ್ ತಿಂಗ್ಳು ಊಟ ಹಾಕಿದ್ರು.” ಮಾಮನಾರ್ ಅಂದರೆ ಅವರ ಗಂಡನ ಅಪ್ಪ.

“ಎಷ್ಟು ವರ್ಷ ಆಯಿತು?”

“ನಾನು ಮದ್ವೆಯಾಗಿ ಬರೋಕ್ ಮುಂಚೆ. ಅರವತ್ತು ಇರ್ಬೋದು.”

ಸರ್ವೇಯರ್ ಫೋನಿನಲ್ಲಿ ಲೆಕ್ಕ ಒತ್ತಿದರು. ವರ್ಷಕ್ಕೆ ನೂರಕ್ಕೆ ಹತ್ತರಂತೆ ಸವಕಳಿ ಕಳೆಯಬೇಕಂತೆ. ಹತ್ತು ವರ್ಷಕ್ಕೇ ಬೆಲೆ ಸೊನ್ನೆಯಾಯಿತು. ಇನ್ನೂ ಐವತ್ತು ವರ್ಷ ಉಳಿದಿತ್ತು.

“ಇನ್ನೂ ಕಳೀರಿ ಸಾರ್,” ಅಂದೆ ನಾನು. ತಲೆ ಸಿಡಿಯುತ್ತಿತ್ತು. “ಕಳೀತಾ ಹೋಗಿ. ಕೊನೆಗೆ ನಾವೇ ನಿಮಗೆ ಐದು ಮಗ್ಗ ಕೊಡಬೇಕಾಗಬಹುದು.”

“ನಿಯಮ ಅಮ್ಮಾ. ನಾನೇನು ಮಾಡಲಿ? ಹಳೆಯದಾದರೆ ಬೆಲೆ ಇಲ್ಲ.”

ಹೋದ ತಿಂಗಳು ತಾನೇ ಆ ಮಗ್ಗದಿಂದ ಒಂದು ರೇಷ್ಮೆ ಸೀರೆ ಇಳಿದಿತ್ತು. ಅಂಚಿನಲ್ಲಿ ಒಂದು ಎಳೆ ತಪ್ಪಿರಲಿಲ್ಲ. ಅದನ್ನು ಯಾವ ಲೆಕ್ಕದಲ್ಲಿ ಕಳೆಯುತ್ತಾರೆ? ನಾನು ಬಾಯಿ ತೆರೆಯುವ ಮೊದಲು ಅತ್ತೆ ಕೇಳಿದರು. ದನಿಯಲ್ಲಿ ಕೋಪ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿತ್ತು.

“ನಂಗ್ ಅರವತ್ತೆಂಟು ಸಾಮಿ. ನಿಮ್ ಲೆಕ್ಕದಲ್ಲಿ ನಾನ್ ಎಷ್ಟ್ ವರ್ಷದ್ ಹಿಂದೆ ಸೊನ್ನೆಯಾದೆ?”

ಸರ್ವೇಯರ್ ಫೋನ್ ಜೇಬಿಗಿಟ್ಟುಕೊಂಡರು. ಅವರಿಗೂ ತಲೆ ನರೆತಿತ್ತು. “ನನಗೂ ಐವತ್ತೊಂಬತ್ತು ಅಮ್ಮಾ,” ಅಂದರು.

“ಅಯ್ಯೋ ಪಾವ,” ಅಂದರು ಅತ್ತೆ. “ನಿಮ್ದೂ ಮುಗೀತು.”

೫. ಬಾಡಿಗೆ ರಸೀದಿ

ಉಳಿದ ಕೋಣೆಗಳಿಗೂ ಟಾರ್ಪಾಲಿನ ಸಂದಿಯಿಂದ ನೀರು ಬರತೊಡಗಿತು. ನಾಲ್ಕನೇ ಭಾಗ ಇದೆಯಲ್ಲ, ಬೇರೆ ಕಡೆ ಇದ್ದರೆ ಬಾಡಿಗೆ ಕೊಡುತ್ತಾರಲ್ಲ ಅಂತ ನಾನು ನೆನಪಿಸಿದೆ. ನಮ್ಮ ನಾದಿನಿಯನ್ನು ಕೊಟ್ಟಿರುವುದು ಉಡುಮಲೈಪೇಟೆಗೆ, ತೆಂಗಿನ ತೋಟದವರ ಮನೆಗೆ. ಹಿಂದೆ ಒಂದು ಪೋರ್ಷನ್ ಖಾಲಿ ಇತ್ತು. ಅತ್ತೆಯನ್ನು ಕರೆದುಕೊಂಡು ಹೋಗಿ ಬಿಟ್ಟೆ.

ಕಂಪನಿಯವರು ಬಾಡಿಗೆ ರಸೀದಿ ಬೇಕು ಅಂದರು. ನಾನು ನಾದಿನಿಯ ಗಂಡನಿಗೆ ಫೋನ್ ಮಾಡಿ, “ಒಂದು ರಸೀದಿ ಬರೆದುಕೊಡಿ ಅಣ್ಣಾ,” ಅಂದೆ.

ಅವರು ಫೋನಿನಲ್ಲೇ ಗುಡುಗಿದರು.

“ಏನಂದೆ? ನಮ್ ಅತ್ತೆ ನಮ್ ಮನೇಲಿ ನಾಲ್ಕ್ ದಿವ್ಸ ಇರೋದಕ್ಕೆ ವಾಡಗೆ ಇಸ್ಕೊಂಡೆ ಅಂತ ನಾನು ರಸೀದೀಲಿ ಕೈಯೆತ್ತು ಹಾಕಿ ಕೊಡ್ಬೇಕಾ?”

“ಬರೀ ಕಾಗದಕ್ಕೆ ಅಣ್ಣಾ.”

“ಕಾಗದದಲ್ಲಿ ಬರ್ದಿದ್ದು ನಾಳೆ ಊರಲ್ಲಿ ಹಾಡಾಗ್ತದೆ. ಹೆಣ್ ಕೊಟ್ಟೋರ್ ಹತ್ರ ವಾಡಗೆ ತಗೊಂಡೋನು ಅಂತ ನಮ್ ಮಗಳ್ನ ಯಾರ್ ಹೆಣ್ ಕೇಳ್ಕೊಂಡ್ ಬರ್ತಾರೆ?”

ನಾನು ಹಣೆ ಚಚ್ಚಿಕೊಂಡೆ. ಕಾಸು ಕೊಡುತ್ತೇನೆ ಅನ್ನುವ ಕಂಪನಿ ಒಂದು ಜೀವಮಾನದಲ್ಲಿ ಸಿಗುವುದೇ ಅಪರೂಪ, ಸಿಕ್ಕಾಗ ಇಸಿದುಕೊಳ್ಳಲು ಇವರಿಗೆ ಮರ್ಯಾದೆ ಅಡ್ಡ! ಅಷ್ಟರಲ್ಲಿ ವಿಷಯ ಅತ್ತೆಯ ಕಿವಿಗೂ ಬಿತ್ತು. ಅಳಿಯನ ಮನಸ್ಸು ನೋಯಿಸಿ ಇಲ್ಲಿರಲಾರೆ ಅಂತ ನಾಲ್ಕನೇ ದಿನಕ್ಕೆ ಬಸ್ ಹತ್ತಿ ಒಬ್ಬರೇ ವಾಪಸ್ ಬಂದರು. ಬಂದವರು ಚೀಲ ಇಳಿಸಿ ಕೇಳಿದ್ದು ಅದೇ, ತರಿ ಯಾವಾಗ ನಿಲ್ಲಿಸುತ್ತಾರೆ ಅಂತ.

ಮರುವಾರ ಅಳಿಯನಿಂದ ಒಂದು ಲಕೋಟೆ ಬಂತು. ಮನಸ್ಸು ಕರಗಿತೇನೋ, ರಸೀದಿಯೇನೋ ಅಂತ ಹರಿದು ನೋಡಿದೆ. ಒಳಗೆ ಅತ್ತೆಯ ವಾಪಸ್ ಬಸ್ ಚಾರ್ಜು ಇತ್ತು, ಜೊತೆಗೆ ಚೀಟಿ: ‘ಇದಕ್ಕೂ ರಸೀದಿ ಕೇಳಬೇಡಿ.’

೬. ಗುಂಡಿ ಅಂದರೆ ಏನೂ ಇಲ್ಲದಿರುವುದು

ನಲವತ್ತು ದಿನ ಕಳೆಯಿತು. ಕೊನೆಯ ಪರಿಶೀಲನೆ ಅಂತ ಸರ್ವೇಯರ್ ಮತ್ತೆ ಬಂದರು. ಬರುವ ಮೊದಲೇ ಏಜೆಂಟ್ ಫೋನಿನಲ್ಲಿ ಎಚ್ಚರಿಸಿದ್ದ: ಮುಂದಿನ ಕೋಣೆಯಲ್ಲಿ ಮಗ್ಗ ಇರುವುದರಿಂದ ಅದು ಮನೆಯಲ್ಲ, ಕಾರ್ಖಾನೆ ಅಂತ ಅವರು ಬರೆಯುತ್ತಾರಂತೆ. ಮನೆ ವಿಮೆಯಲ್ಲಿ ಕಾರ್ಖಾನೆಗೆ ಏನೂ ಸಿಗುವುದಿಲ್ಲ. ಗೋಡೆ ಇಲ್ಲ, ಮಾಡು ಇಲ್ಲ, ಮಗ್ಗ ಇಲ್ಲ.

ನಾನು ಬಾಗಿಲಲ್ಲೇ ಹಿಡಿದುಕೊಂಡೆ. “ಇದು ಮನೆಯೋ ಅಲ್ಲವೋ, ಇಲ್ಲಿ ಬದುಕಿದವರನ್ನೇ ಕೇಳಿ ಸಾರ್.”

ಅವರು ಕೇಳಿದರು. ಅತ್ತೆ ಚೆನ್ನಾಗಿಯೇ ಶುರು ಮಾಡಿದರು. “ನನ್ ಮೂರ್ ಮಕ್ಳೂ ಹುಟ್ಟಿದ್ದು ಈ ರೂಮಲ್ಲೇ ಸಾಮಿ. ನಮ್ ಮಾಮನಾರ್ ಕಣ್ ಮುಚ್ಚಿದ್ದೂ ಇಲ್ಲೇ. ನಾನ್ ಮಲ್ಗೋದೂ ಇಲ್ಲೇ.” ಸರ್ವೇಯರ್ ಪೆನ್ನು ನಿಂತಿತು. ನನಗೆ ಆಸೆ ಹುಟ್ಟಿತು.

“ಮನೆ ಕಟ್ಟಿದ ಮೇಲೆ ಮಗ್ಗ ಹಾಕಿದ್ದಾ ಅಮ್ಮಾ?”

“ಇಲ್ಲ ಇಲ್ಲ,” ಅಂದರು ಅತ್ತೆ, ಮುಖದಲ್ಲಿ ಹೆಮ್ಮೆ ಉಕ್ಕಿಸಿಕೊಂಡು. “ಒಳ್ಳೇ ದಿವ್ಸ ನೋಡಿ ಮೊದ್ಲು ಕುಳಿ ತೋಡಿ, ಪೂಜೆ ಮಾಡಿ, ತರಿ ನಿಲ್ಲಿಸಿದ್ರು. ಅಪ್ಪುರ ತರಿಗೆ ಮಳೆ ಬೀಳ್ಬಾರ್ದು ಅಂತ ಸುತ್ತ ಗೋಡೆ ಏಳ್ಸಿದ್ರು. ನಾವು ಅದ್ರಲ್ಲೇ ಒಂದ್ ಪಕ್ಕ ಇದ್ಕೊಂಡ್ವಿ.”

ಸರ್ವೇಯರ್ ಬರೆದುಕೊಂಡರು. ಮೊದಲು ಕಾರ್ಖಾನೆ, ಆಮೇಲೆ ವಾಸ. ನಾನು ಕಂಬಕ್ಕೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಸತ್ಯ ಹೇಳುವವರಿಗೂ ಒಂದು ವಿಮೆ ಇರಬೇಕು!

“ಹೋಗಲಿ,” ಅಂದೆ, “ಗುಂಡಿಗಾದರೂ ಏನಾದರೂ ಬರೀರಿ. ಅದನ್ನು ತೋಡಿ ಕಲ್ಲು ಕಟ್ಟದೆ ಮಗ್ಗ ನಿಲ್ಲುವುದಿಲ್ಲ.”

ಅವರು ನಕ್ಕರು. ನಲವತ್ತು ದಿನದಲ್ಲಿ ಅವರು ನಕ್ಕದ್ದು ಅದೇ ಮೊದಲು. “ಗುಂಡಿ ಅಂದರೆ ಏನಮ್ಮಾ? ಏನೂ ಇಲ್ಲದಿರುವುದು. ಅದು ಕಟ್ಟಡವೂ ಅಲ್ಲ, ಸಾಮಾನೂ ಅಲ್ಲ. ಇಲ್ಲದೇ ಇರುವುದಕ್ಕೆ ನಷ್ಟ ಹೇಗೆ ಆಗುತ್ತದೆ?”

ಹೀಗೆ ಹೇಳಿ ಅವರು ಉಳಿದ ಗೋಡೆಯ ಫೋಟೋ ತೆಗೆಯಲು ಫೋನ್ ಎತ್ತಿದರು. ಗೋಡೆ ಪೂರ್ತಿ ಹಿಡಿಸಲಿಲ್ಲ. ಒಂದು ಹೆಜ್ಜೆ ಹಿಂದೆ ಹೋದರು.

“ಸಾಮೀ, ಹಿಂದೆ...” ಅಂದರು ಅತ್ತೆ.

“ಒಂದು ನಿಮಿಷ ಸುಮ್ಮನಿರಿ ಅಮ್ಮಾ,” ಅಂತ ಅವರು ಇನ್ನೊಂದು ಹೆಜ್ಜೆ ಹಿಂದೆ ಇಟ್ಟರು.

ಸಗಣಿ ಸಾರಿಸಿದ ನೆಲ ಹಪ್ಪಳದ ಹಾಗೆ ಮುರಿಯಿತು. ಒಳಗೆ ಕೆಸರು ಇನ್ನೂ ಹಸಿಯಾಗಿಯೇ ಇತ್ತು. ಸರ್ವೇಯರ್ ಸೊಂಟದವರೆಗೆ ಇಳಿದರು. ಫೋನ್ ಹಿಡಿದ ಕೈ ಮಾತ್ರ ಮೇಲೆ ಇತ್ತು. ಒಂದು ಕಾಲು, ಕೆಸರಿನ ತಳದಲ್ಲೇ ಉಳಿದಿದ್ದ ಮಗ್ಗದ ಎರಡು ಹಲಗೆಗಳ ಸಂದಿಗೆ ಸಿಕ್ಕಿಕೊಂಡು, ಅವರು ಎಳೆದಷ್ಟೂ ಬಿಗಿಯಾಯಿತು. ನಾನು ನಗಲಿಲ್ಲ ಅಂದರೆ ಸುಳ್ಳಾಗುತ್ತದೆ. ನಲವತ್ತು ದಿನದ ಸಿಟ್ಟು ನಗುವಾಗಿ ಬಂದು, ನಿಲ್ಲಿಸಲಾಗದೆ ಜಗಲಿಗೆ ಹೋಗಿ ಕೂತೆ.

ಅತ್ತೆ ನಗಲಿಲ್ಲ. ಸೀರೆ ಎತ್ತಿ ಕಟ್ಟಿ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟರು. ಯಾವ ಹಲಗೆ ಒತ್ತಿದರೆ ಯಾವುದು ಏಳುತ್ತದೆ ಅಂತ ಅವರ ಪಾದಕ್ಕೆ ಗೊತ್ತು. ಕೆಸರಿನೊಳಗೇ ಒಂದನ್ನು ತುಳಿದರು, ಸರ್ವೇಯರ್ ಕಾಲು ಬಿಟ್ಟುಕೊಂಡಿತು. ಬೀದಿಯವರು ಹಗ್ಗ ಹಾಕಿ ಮೇಲೆ ಎಳೆದರು. ಆಸ್ಪತ್ರೆಯಲ್ಲಿ ಪಾದದ ಗಂಟಿನ ಹತ್ತಿರ ಮೂಳೆ ಬಿರುಕು ಬಿಟ್ಟಿದೆ ಅಂತ ಪ್ಲಾಸ್ಟರ್ ಹಾಕಿ ಕಟ್ಟಿದರು.

ಎರಡು ವಾರವಾದ ಮೇಲೆ ಕಂಪನಿಯ ಕಚೇರಿಯಿಂದ ಕರೆ ಬಂತು. ನಮ್ಮನ್ನು ಪೊಲೀಸಿಗೆ ಕೊಡುತ್ತಾರೇನೋ ಅಂತ ನಮ್ಮ ಯಜಮಾನರು ರಜೆ ಹಾಕಿ ಜೊತೆಗೆ ಬಂದರು. ಅತ್ತೆಯೂ ಬಂದರು. ಮ್ಯಾನೇಜರ್ ಒಬ್ಬ ಹೆಂಗಸು, ಕನ್ನಡಕದ ಮೇಲಿಂದ ನೋಡುವವರು. ಅವರ ಎದುರು ಸರ್ವೇಯರ್ ಕೂತಿದ್ದರು, ಕಟ್ಟು ಹಾಕಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಇಟ್ಟುಕೊಂಡು.

ಮೇಜಿನ ಮೇಲೆ ಎರಡು ಕಾಗದ ಇದ್ದವು. ಎರಡರಲ್ಲೂ ಅದೇ ಕೈಬರಹ, ಅದೇ ಸಹಿ. ಒಂದು, ಈ ಕೋಣೆ ಕಾರ್ಖಾನೆ, ಇವರಿಗೆ ಏನೂ ಕೊಡಬಾರದು ಅನ್ನುವ ವರದಿ. ಇನ್ನೊಂದು, ಸರ್ವೇಯರ್ ತಮ್ಮ ಆಸ್ಪತ್ರೆ ಖರ್ಚಿಗೆ ನಮ್ಮ ಪಾಲಿಸಿಯ ಮೂರನೇ ಭಾಗದಲ್ಲಿ, ಹೊರಗಿನವರು ಬಿದ್ದರೆ ಕೊಡುವ ಭಾಗದಲ್ಲಿ, ಹಾಕಿದ ಅರ್ಜಿ. ಅದರಲ್ಲಿ ಅವರು ಬರೆದಿದ್ದರು: ‘ಸದರಿ ವಾಸದ ಮನೆಯ ನೆಲದಲ್ಲಿರುವ ಗುಂಡಿಯಲ್ಲಿ ಬಿದ್ದು.’

ಮ್ಯಾನೇಜರ್ ಮೇಡಂ ದನಿ ಏರಿಸಲೇ ಇಲ್ಲ. “ಸಾರ್, ನೀವು ಬಿದ್ದದ್ದು ಮನೆಯಲ್ಲೋ, ಕಾರ್ಖಾನೆಯಲ್ಲೋ? ಕಾರ್ಖಾನೆ ಆದರೆ ಈ ಪಾಲಿಸಿಯಲ್ಲಿ ನಿಮ್ಮ ಕಾಲಿಗೆ ಒಂದು ಸುತ್ತು ಬ್ಯಾಂಡೇಜೂ ಬರುವುದಿಲ್ಲ.”

ಸರ್ವೇಯರ್ ತಮ್ಮ ಕಾಲು ನೋಡಿದರು. ಫ್ಯಾನ್ ನೋಡಿದರು. ನನ್ನ ಮುಖ ನೋಡುವ ಧೈರ್ಯ ಮಾಡಲಿಲ್ಲ.

“ಮನೆ ಮೇಡಂ.”

“ಗುಂಡಿ?”

“ನೆಲದ್ದೇ ಭಾಗ ಮೇಡಂ. ಕಟ್ಟಡ.”

ಹತ್ತು ನಿಮಿಷದಲ್ಲಿ ಹೊಸ ವರದಿ ಬರೆದು ಸಹಿ ಮಾಡಿದರು. ಗೋಡೆ ಬಂತು, ಮಾಡು ಬಂತು, ಗುಂಡಿ ತೋಡಿ ಕಲ್ಲು ಕಟ್ಟುವುದೂ ಬಂತು. ಅಡುಗೆಮನೆಯ ಬಿರುಕನ್ನು ಮಾತ್ರ ಹಳೆಯದು ಅಂತ ಬಿಟ್ಟರು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಮೈಯೆಲ್ಲ ಉರಿಯಿತು. ಒಬ್ಬ ಮುದುಕಿ ಜೀವಮಾನವೆಲ್ಲ ಕಾಲಿಟ್ಟ ಗುಂಡಿ ಯಾರ ಕಣ್ಣಿಗೂ ಬೀಳಲಿಲ್ಲ. ಆಫೀಸರ್ ಕಾಲು ಒಂದು ಸಲ ಬಿದ್ದ ಮೇಲೆ ಅದು ಕಟ್ಟಡವಾಯಿತು. ಇದನ್ನು ಅಲ್ಲೇ, ಎಲ್ಲರ ಮುಂದೆ, ಗಟ್ಟಿಯಾಗಿ ಹೇಳಿದೆ.

ತೈ ತಿಂಗಳಲ್ಲಿ, ಪೊಂಗಲ್ ಮುಗಿದ ವಾರ, ಮುರಿದ ಚೌಕಟ್ಟಿಗೆ ನಾವೇ ಆಚಾರಿಯಿಂದ ಕೀಲು ಹಾಕಿಸಿ ಮಗ್ಗ ನಿಲ್ಲಿಸಿದೆವು. ಕೆಲಸ ಮುಗಿಯಿತು ಅಂತ ಸಹಿ ಹಾಕಿಸಿಕೊಳ್ಳಲು ಸರ್ವೇಯರ್ ಕುಂಟುತ್ತಾ ಬಂದರು. ನಾನು ನೀರೂ ಕೊಡಬಾರದು ಅಂತಿದ್ದೆ. ಅತ್ತೆ ಅವರನ್ನು ಕೂರಿಸಿ ಕಾಫಿ ಕೊಟ್ಟು, ಎಣ್ಣೆ ಬಿಸಿ ಮಾಡಿ ತಂದು, ದಿನಾ ಸಂಜೆ ಹಚ್ಚಿಕೊಳ್ಳಿ ಅಂತ ಶೀಶೆಗೆ ಹಾಕಿಕೊಟ್ಟರು. ಅವರು ಕಣ್ಣಲ್ಲಿ ನೀರು ತಂದುಕೊಂಡು ಕೈ ಮುಗಿದು ಹೋದರು.

ಅತ್ತೆ ಗುಂಡಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟರು, ಲಾಳಿ ಕೈಗೆ ತೆಗೆದುಕೊಂಡರು.

“ಪಾವ, ಒಳ್ಳೇ ಮನುಷ,” ಅಂದರು. ನಾನು ಸಿಟ್ಟಿನಿಂದ ತಿರುಗಿ ನೋಡುವಷ್ಟರಲ್ಲಿ ಮೊದಲ ಎಳೆ ಹೊಡೆದು ಮಾತು ಮುಗಿಸಿದರು. “ಇನ್ನೊಂದ್ ಕಾಲೂ ಸಿಕ್ಕಾಕೊಂಡಿದ್ರೆ ಅಡ್ಗೆಮನೇನೂ ಆಗೋಗಿರೋದು.”